ಹಿಂದಿನ ಸಣ್ಣ ಬಾಗಿಲು

ಮಸ್ಕಿಯ ನಮ್ಮ ಟಾಕೀಸಿನಲ್ಲಿ ಯಾವ ಸಿನಿಮಾ ಎಷ್ಟು ದಿನ ಓಡಬೇಕೆಂದು ತೀರ್ಮಾನವಾಗುತ್ತಿದ್ದುದು ಗೇಟಿನ ಬಳಿಯ ಒಂದು ಕಬ್ಬಿಣದ ಕುರ್ಚಿಯಲ್ಲಿ. ಅದರಲ್ಲಿ ಮಾಲೀಕರಾದ ಜಂಬಣ್ಣ ಸಾಹುಕಾರರು ಕೂಡುತ್ತಿದ್ದರು. ಟಾಕೀಸು ಕಟ್ಟಿಸಿದ ಈ ಮಹಾಶಯರು ಜನ್ಮದಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಕತ್ತಲಲ್ಲಿ ಕೂತರೆ ನಿದ್ದೆ ಬರುತ್ತದಂತೆ. ಆಟ ಬಿಟ್ಟ ಕೂಡಲೇ ಹೊರಗೆ ಬರುವ ಹತ್ತು ಮಂದಿಯನ್ನು ತಡೆದು ನಿಲ್ಲಿಸಿ "ಹೆಂಗೈತಿ?" ಎಂದು ಕೇಳುವರು. ಆರು ಮಂದಿ ಚಲೋ ಐತಿ ಎಂದರೆ ಸಿನಿಮಾ ಉಳಿಯಿತು. ಇಲ್ಲವಾದರೆ ಮರುದಿನವೇ ರೀಲಿನ ಡಬ್ಬಿಗಳನ್ನು ಲಿಂಗಸುಗೂರಿನ ಬಸ್ಸಿನ ಮೇಲೆ ಹೇರಬೇಕು. ಹೇರುವವನು ನಾನು.

ನನ್ನ ಹೆಸರು ಪಂಪಣ್ಣ. ಡಬ್ಬಿ ಹೊರುವುದು, ಗೇಟು ಕಾಯುವುದು, ಬೀಡಿ ಸೇದುವವರನ್ನು ಬೈಯುವುದು ಎಲ್ಲ ನನ್ನದೇ ಕೆಲಸ. ಆದರೆ ಊರಿನಲ್ಲಿ ನನ್ನನ್ನು ಎಲ್ಲರೂ ಮೈಕಿನ ಪಂಪಣ್ಣ ಎಂದೇ ಕರೆಯುತ್ತಿದ್ದರು. ಹೊಸ ಕನ್ನಡ ಸಿನಿಮಾ ಸಿಗದಿದ್ದಾಗ ಸಾಹುಕಾರರು ಸಿಂಧನೂರಿನಿಂದ ಇಂಗ್ಲಿಷ್ ಸಿನಿಮಾ ತರಿಸುತ್ತಿದ್ದರು. ಪರದೆಯ ಮೇಲಿನವರು ಏನು ಮಾತಾಡುತ್ತಾರೋ ನಮ್ಮ ಮಂದಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ಮಶೀನು ರೂಮಿನಲ್ಲಿ ಆಪರೇಟರ್ ಜಿಲಾನಿಸಾಬನ ಪಕ್ಕ ಕೂತು, ಗೋಡೆಯ ಕಿಂಡಿಯಿಂದ ನೋಡುತ್ತ, ಮೈಕು ಹಿಡಿದು ಕಥೆ ಹೇಳಬೇಕು. ನನಗೆ ಇಂಗ್ಲಿಷ್ ಬರುತ್ತಿತ್ತೇ? ಒಂಬತ್ತನೆಯ ತರಗತಿಯಲ್ಲಿ ಎರಡು ವರ್ಷ ಕೂತಿದ್ದೆ, ಅಷ್ಟೇ. ಮಸ್ಕಿಗೆ ಅಷ್ಟು ಸಾಕಾಗಿತ್ತು. ಬಾಯಿ ಅಲ್ಲಾಡಿದರೆ ಒಂದು ಮಾತು, ಕಣ್ಣು ಕೆಂಪಾದರೆ ಒಂದು ಬೈಗುಳ, ಹೀಗೆ ನಾನೇ ಹೊಲಿದು ಕೊಡುತ್ತಿದ್ದೆ. ಯಾರೂ ನನಗೆ ಇದು ಸುಳ್ಳು ಎಂದವರಿಲ್ಲ.

ಎಂಬತ್ತೊಂಬತ್ತರ ಸಂಕ್ರಾಂತಿ ಆದಮೇಲೆ ಬಂದದ್ದು ನೀರೊಳಗಿನ ಹಡಗಿನ ಸಿನಿಮಾ. ಯಾವುದೋ ದೊಡ್ಡ ಯುದ್ಧದ ಕಾಲದ ಕಥೆ. ನಲವತ್ತು ಗಂಡಸರು ಒಂದು ಕಬ್ಬಿಣದ ಕೊಳವೆಯಲ್ಲಿ ಕೂತು ಸಮುದ್ರದ ತಳದಲ್ಲಿ ಓಡಾಡುತ್ತಾರೆ, ಮೇಲಿನಿಂದ ವೈರಿಗಳ ಹಡಗು ಮದ್ದಿನ ಪೀಪಾಯಿಗಳನ್ನು ಎಸೆಯುತ್ತದೆ. ಬೋರ್ಡು ಬರೆಯುವ ಪೇಂಟರನಿಗೆ ಇಷ್ಟು ಹೇಳಿದರೆ, ಅವನು ಹಡಗಿನ ಪಕ್ಕದಲ್ಲಿ ತುಂಡು ಬಟ್ಟೆ ತೊಟ್ಟ ಒಬ್ಬ ಹೆಂಗಸನ್ನೂ ಬರೆದಿಟ್ಟ. ಹೆಂಗಸಿಲ್ಲದ ಬೋರ್ಡಿಗೆ ಕೈ ಏಳುವುದಿಲ್ಲ ಎಂದ.

ಶುಕ್ರವಾರ ಮೊದಲ ಆಟ ಬಿಟ್ಟಾಗ ಸಾಹುಕಾರರ ಕುರ್ಚಿಯ ಮುಂದೆ ದೊಡ್ಡ ಪಂಚಾಯಿತಿಯೇ ಸೇರಿತು.

"ಆ ಹೆಣ್ಮಗಳು ಎಲ್ಲಿ ಅದಾಳ್ರೀ? ಎರಡು ತಾಸು ಬರೀ ಗಡ್ಡ ನೋಡೀವಿ," ಎಂದು ಒಬ್ಬ ಸಿಟ್ಟಾದ.

"ಹಾಡಿಲ್ಲ, ಫೈಟಿಂಗ್ ಇಲ್ಲ. ಎಲ್ಲಾರೂ ಮ್ಯಾಲ ನೋಡ್ಕೊಂತ ಬೆವರು ಒರಸ್ಕೊಂತಾರ," ಎಂದು ಇನ್ನೊಬ್ಬ.

ಕಾಲುವೆ ಕಡೆಯ ಕ್ಯಾಂಪಿನಿಂದ ಬಂದಿದ್ದ ಒಬ್ಬ ಆಂಧ್ರದ ರೈತ ಮಾತ್ರ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಅಂಥಾ ಸಿನಿಮಾ ನಾನು ನೋಡಿಲ್ಲಂಡಿ. ಅವರು ಉಸಿರು ಹಿಡದ್ರೆ ನಾನೂ ಹಿಡಿದೆ. ಒಬ್ಬನ ಕೈಯಾಗಿನ ಚಮಚ ಬಿತ್ತು ನೋಡ್ರಿ, ನನ್ನ ಜೀವಾನೇ ಹೋಯ್ತು."

ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುವ ಹುಸೇನಬಾಷಾ ತನ್ನ ಧಾಟಿಯಲ್ಲೇ ಹೇಳಿದ: "ಇಂಜಿನ್ ಭಾರಿ ಐತ್ರಿ ಸಾಹುಕಾರ. ಆದ್ರ ಆ ಆವಾಜು ಕೇಳಿದ್ರ ಗೊತ್ತಾಗತೈತಿ, ಬೇರಿಂಗ್ ಹೋಗೇತಿ. ನಮ್ಮನ್ನ ಕೇಳಿದ್ರ ರಿಪೇರಿ ಮಾಡಿ ಕೊಡ್ತಿದ್ವಿ."

ಮುದುಕಿ ಗದ್ದೆಮ್ಮನ ಅಭಿಪ್ರಾಯವೇ ಬೇರೆ. "ಸುತ್ತಾ ಅಷ್ಟು ನೀರೈತಿ, ಅವ್ರಿಗೆ ಕುಡಿಯಾಕ ಒಂದು ಲೋಟ ಕೊಡವಲ್ರು. ಎಂಥಾ ಬಾಳೇ ಯವ್ವಾ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಲೆಕ್ಕ ಐದಕ್ಕೆ ಐದಾಯಿತು. ಸಾಹುಕಾರರು ತಲೆ ಕೆರೆದುಕೊಂಡು, ಆದಿತ್ಯವಾರದ ಮ್ಯಾಟಿನಿಯ ತನಕ ನೋಡೋಣ ಎಂದರು.

ಆ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಪೀಪಾಯಿಯೊಂದು ಹತ್ತಿರ ಸಿಡಿದು ಹಡಗಿನ ಹಿಂದಿನ ಕೋಣೆಗೆ ನೀರು ನುಗ್ಗುತ್ತದೆ. ಅಲ್ಲಿ ನಾಲ್ವರು ಇದ್ದಾರೆ. ಕ್ಯಾಪ್ಟನ್ ಒಂದು ಕ್ಷಣ ಕಣ್ಣು ಮುಚ್ಚಿ, ನಡುವಿನ ಕಬ್ಬಿಣದ ಬಾಗಿಲು ಹಾಕಲು ಹೇಳುತ್ತಾನೆ. ಒಬ್ಬ ಹುಡುಗ ಬಾಗಿಲಿನ ಚಕ್ರ ತಿರುಗಿಸುತ್ತಾನೆ. ಆ ಕಡೆಯಿಂದ ನಾಲ್ವರೂ ಬಡಿಯುತ್ತಾರೆ. ಈ ಕಡೆಯವರು ಸದ್ದು ಮಾಡುವಂತಿಲ್ಲ, ಮೇಲೆ ವೈರಿ ಕಿವಿಗೊಟ್ಟು ಕೂತಿದ್ದಾನೆ. ಬಡಿಯುವುದು ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಶುಕ್ರವಾರ ಮತ್ತು ಶನಿವಾರದ ಆಟಗಳಲ್ಲಿ ನಾನು ಮೈಕಿನಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳಿದೆ: "ಬಾಗಲಾ ಹಾಕಿದ್ರು. ಒಳಗಿನ ನಾಲ್ಕೂ ಮಂದಿ ಇನ್ನ ಸಾಯ್ತಾರ. ಉಳಿದವ್ರು ಉಳಿಬೇಕಂದ್ರ ಬ್ಯಾರೆ ದಾರಿ ಇಲ್ಲ." ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಜಿಲಾನಿಸಾಬನೇ ನನ್ನ ಮುಖ ನೋಡಿದ.

ಅವನು ನೋಡಿದ್ದಕ್ಕೆ ಕಾರಣವಿತ್ತು. ನನ್ನ ತಮ್ಮ ಗ್ಯಾನಪ್ಪನೂ ಹಡಗಿನಲ್ಲಿ ಹೋದವನು. ಮುದಗಲ್ಲಿನ ಬಾಬುಸಾಬನ ಜೊತೆ ಮುಂಬಯಿಗೆ ಹೋಗಿ, ಬಂದರಿನ ಗೋದಿಯಲ್ಲಿ ಮೂಟೆ ಹೊತ್ತು, ಆಮೇಲೆ ಅವನ ಜೊತೆಗೇ ಎಣ್ಣೆ ಸಾಗಿಸುವ ಒಂದು ಹಡಗಿನ ಇಂಜಿನ್ ಕೋಣೆಯಲ್ಲಿ ಖಲಾಸಿಯಾದ. ಆಗ ಇರಾನ್ ಇರಾಕ್ ಯುದ್ಧ ನಡೆದಿತ್ತು. ಎಂಬತ್ತೈದರಲ್ಲಿ ಅವನ ಹಡಗಿಗೆ ಕ್ಷಿಪಣಿ ಬಿತ್ತು. ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಕಾಣೆಯಾದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಇಂಗ್ಲಿಷ್ ಬಲ್ಲವನು ಮನೆಯಲ್ಲಿ ನಾನೇ ತಾನೇ, ಓದಿ ಹೇಳಿದೆ. "ಇನ್ನೂ ಸಿಕ್ಕಿಲ್ಲಂತ," ಎಂದೆ. ಅದು ನಿಜವೇ ಆಗಿತ್ತು.

ಆರು ತಿಂಗಳ ಮೇಲೆ ಬಾಬುಸಾಬ್ ವಾಪಸು ಬಂದ. ನಮ್ಮ ಮನೆಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ನನ್ನನ್ನು ಕರೆಸಿ, ಎರಡು ಚಹಾ ಹೇಳಿ, ತಲೆ ತಗ್ಗಿಸಿ ಕೂತ. "ಇಂಜಿನ್ ಖೋಲಿಗೆ ನೀರು ಬಂತು ಪಂಪಣ್ಣ. ಬಾಗಲಾ ಹಾಕ್ರಿ ಅಂತ ಹುಕುಂ ಆತು. ಹಾಕಿದಾಂವ ನಾನಾ. ಗ್ಯಾನಪ್ಪ ಆ ಕಡೆ ಇದ್ದ. ಬಾಳ ಹೊತ್ತು ಬಡದ. ನನ್ನ ಹೆಸರು ಹಿಡದು ಕರದ." ಇಷ್ಟು ಹೇಳಿ ಅವನು ಅತ್ತ. ನಾನು ಅಳಲಿಲ್ಲ. ನನ್ನ ಚಹಾ ಆರಿತ್ತು, ಅದನ್ನು ಕುಡಿದು ಅವನ ಚಹಾವನ್ನೂ ಕುಡಿದೆ. ಅವನು ಹೈದರಾಬಾದಿನ ಬಸ್ಸು ಹತ್ತಿ ಹೋದ, ಮತ್ತೆ ಕಾಣಲಿಲ್ಲ.

ಅವತ್ತಿನಿಂದ ನನಗೆ ಏನೂ ಅನಿಸುವುದಿಲ್ಲ. ದೊಡ್ಡಸ್ತಿಕೆಗೆ ಹೇಳುವ ಮಾತಲ್ಲ ಇದು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದರೆ ದವಡೆ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ. ಹಬ್ಬ ಬಂದರೆ ಉಂಡೆ, ಯಾರಾದರೂ ಸತ್ತರೆ ಹೆಗಲು ಕೊಟ್ಟೆ, ಮೈಕಿನಲ್ಲಿ ನಗಿಸುವ ಕಡೆ ನಗಿಸಿದೆ. ಒಳಗೆ ಮಾತ್ರ ಏನೂ ಇರಲಿಲ್ಲ.

ಬಾಬುಸಾಬನನ್ನು ಬಸ್ಸು ಹತ್ತಿಸಿ ಮನೆಗೆ ಬಂದಾಗ ಅವ್ವ ಆದೆಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಬಂದ ಸುದ್ದಿ ಮೊದಲೇ ಅವಳಿಗೆ ಮುಟ್ಟಿತ್ತು. "ಬಾಬುಸಾಬ ಬಂದಿದ್ನಂತಲ್ಲೋ, ಏನಂದ?" ಎಂದಳು. ಗ್ಯಾನಪ್ಪನ ಹೆಂಡತಿ ಕರೆಮ್ಮ ಒಳಗೆ ಕದದ ಹಿಂದೆ ನಿಂತಿದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ನಾನು ಅವಳಿಗೆ ಭಾವ. ಭಾವನ ಮುಂದೆ ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾನು ಅವಳಿಗೆ ಹೇಳಬೇಕಾದದ್ದು, ಅವಳು ನನಗೆ ಹೇಳಬೇಕಾದದ್ದು ಎಲ್ಲ ಅವ್ವನ ಮೂಲಕವೇ ಆಗಬೇಕು. ನಾನು ಬಾಯಿ ತೆರೆದೆ. ಹೇಳಬೇಕೆಂದಿದ್ದುದು ಹೊರಗೆ ಬರಲಿಲ್ಲ. ಬಂದದ್ದು ಇದು: "ಹಿಂದ ಒಂದು ಸಣ್ಣ ಬಾಗಲ ಐತಂತ ಯವ್ವಾ. ಅಲ್ಲಿಂದ ಸಣ್ಣ ದೋಣಿ ಇಳಿಸ್ಕೊಂಡು ಪಾರಾಗ್ಯಾನಂತ. ಯಾವುದೋ ದೇಶದ ದಂಡಿಗೆ ಮುಟ್ಟ್ಯಾನ. ಅಲ್ಲಿಯವ್ರು ಲಡಾಯಿ ಮುಗಿಯೂತನಕ ಬಿಡಂಗಿಲ್ಲಂತ."

ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಸೋಜಿಗವಾಯಿತು. ಪರದೆಯ ಮೇಲೆ ಬಾಯಿ ಅಲ್ಲಾಡಿದ್ದಕ್ಕೆ ಮಾತು ಹೊಲಿದು ಹೊಲಿದು ನಾಲಿಗೆಗೆ ಅಭ್ಯಾಸವಾಗಿತ್ತು. ಅವ್ವ ಹಣೆಗೆ ಕೈ ಹಚ್ಚಿ ದೇವರನ್ನು ನೆನೆದಳು. ಒಳಗಿನಿಂದ ಒಂದು ಉದ್ದನೆಯ ಉಸಿರು ಕೇಳಿಸಿತು.

ಸತ್ತವನ ಕ್ರಿಯೆ ಕರ್ಮ ಯಾವುದೂ ಆಗಲಿಲ್ಲ, ಅವನು ಬದುಕಿದ್ದಾನಲ್ಲ. ಕರೆಮ್ಮ ತಾಳಿ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಅವಳಿಗಾಗ ಇಪ್ಪತ್ತೆರಡು. ಎರಡು ವರ್ಷದ ಹಿಂದೆ ದಢೇಸುಗೂರಿನ ಗದ್ದೆಪ್ಪ ಎಂಬವನ ಕಡೆಯಿಂದ ಹಿರಿಯರು ಬಂದು ಅವಳನ್ನು ಉಡಿಕೆಗೆ ಕೇಳಿದರು. ಗಂಡನಿಲ್ಲದವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವುದು ನಮ್ಮಲ್ಲಿ ಮರ್ಯಾದೆಯ ಪದ್ಧತಿಯೇ. ಗದ್ದೆಪ್ಪ ಹೆಂಡತಿ ತೀರಿಕೊಂಡವನು, ಕಾಲುವೆ ದಂಡೆಯಲ್ಲಿ ಭತ್ತದ ಗದ್ದೆ ಇತ್ತು, ಸಣ್ಣದೊಂದು ಹೆಣ್ಣು ಮಗು. ಹತ್ತಿ ಬಿಡಿಸಲು ಹೋದಾಗ ಕರೆಮ್ಮ ಅವನನ್ನು ನೋಡಿದ್ದಳು, ಆ ಮಗುವನ್ನು ಎತ್ತಿಕೊಂಡೂ ಇದ್ದಳಂತೆ. ಅವಳಿಗೆ ಮನಸ್ಸಿತ್ತು ಎಂದು ಅವ್ವನೇ ಒಮ್ಮೆ ನನ್ನ ಮುಂದೆ ಬಾಯಿ ತಪ್ಪಿ ಹೇಳಿದಳು. ಆದರೆ ಗಂಡ ಇರುವವಳಿಗೆ ಎಂಥ ಉಡಿಕೆ? ಗದ್ದೆಪ್ಪ ಕಾದ. ಯುದ್ಧ ಮುಗಿದು ಐದು ತಿಂಗಳಾದರೂ ಗ್ಯಾನಪ್ಪ ಬರಲಿಲ್ಲ. ಈಗ ದಢೇಸುಗೂರಿನವರು ಬರುವ ಸೋಮವಾರ ಕೊನೆಯ ಮಾತು ಕೇಳಲು ಬರುತ್ತೇವೆ, ಇಲ್ಲವೆಂದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಆದಿತ್ಯವಾರದ ಮ್ಯಾಟಿನಿಗೆ ಕರೆಮ್ಮ ಬಂದಳು. ಹತ್ತಿ ಬಿಡಿಸುವ ಹೆಂಗಸರ ಗುಂಪಿನ ಜೊತೆ ಬಂದು, ಹೆಂಗಸರ ಕಡೆಯ ಎರಡನೇ ಬೆಂಚಿನಲ್ಲಿ ಕೂತಳು. ಕಿಂಡಿಯಿಂದ ಅವಳ ಹಸಿರು ಸೀರೆಯ ಸೆರಗು ಕಾಣುತ್ತಿತ್ತು. ಅವಳು ಸಿನಿಮಾಕ್ಕೆ ಬರುವವಳಲ್ಲ. ಅವ್ವನೇ ಕಳಿಸಿದ್ದಳೆಂದು ಆಮೇಲೆ ತಿಳಿಯಿತು: "ಹಡಗು ಒಳಗ ಹೆಂಗಿರತೈತಿ ನೋಡಿ ಬಾ, ನಾಳೆ ಆ ಮಂದಿಗೆ ಏನು ಹೇಳ್ಬೇಕಂಬೂದು ನಿನ್ನ ಮನಸೇ ಹೇಳತೈತಿ." ದೇವರ ಮೇಲೆ ಹೂವಿಟ್ಟು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂದು ನೋಡುವವರು ನಾವು. ಅವ್ವ ಈ ಸಲ ಹೂವನ್ನು ನಮ್ಮ ಪರದೆಯ ಮೇಲೆ ಇಟ್ಟಿದ್ದಳು.

ಹಿಂದಿನ ಕೋಣೆಗೆ ನೀರು ಬಂತು. ಚಕ್ರ ತಿರುಗಿತು. ನಾಲ್ವರು ಬಡಿಯತೊಡಗಿದರು. ಹಸಿರು ಸೆರಗು ಬೆಂಚಿನಿಂದ ಅರ್ಧ ಮೇಲೆದ್ದಿತು. ನಾನು ಮೈಕು ಬಾಯಿಗೆ ಹಿಡಿದೆ, ಆ ಹೊತ್ತಿಗೆ ಇಡೀ ಟಾಕೀಸು ನನ್ನ ಮಾತಿಗಾಗಿ ಕಾದಿತ್ತು.

"ಹೆದರಬ್ಯಾಡ್ರಿ," ಎಂದೆ. "ಹಿಂದ ಒಂದು ಸಣ್ಣ ಬಾಗಲ ಐತಿ. ಅಲ್ಲಿಂದ ಸಣ್ಣ ದೋಣಿ ಇಳಿಸ್ಕೊಂಡು ಪಾರಾಗ್ಯಾರ. ಯಾವುದೋ ದೇಶದ ದಂಡಿಗೆ ಮುಟ್ಟ್ಯಾರ."

ಜಿಲಾನಿಸಾಬ್ ನನ್ನ ತೊಡೆಗೆ ಚಿವುಟಿದ. ಹಸಿರು ಸೆರಗು ಮತ್ತೆ ಕೂತಿತು.

ಆಟ ಬಿಟ್ಟ ಮೇಲೆ ಸಾಹುಕಾರರ ಕುರ್ಚಿಯ ಸುತ್ತ ಜಾತ್ರೆಯೇ ನೆರೆಯಿತು. ಎರಡನೇ ಸಲ ನೋಡಲು ಬಂದಿದ್ದ ಹುಸೇನಬಾಷಾ ನನ್ನ ಅಂಗಿಯ ತೋಳು ಹಿಡಿದ. "ಲೇ ಪಂಪಣ್ಣ, ಶುಕ್ರವಾರ ಸತ್ತವ್ರು ಆದಿತ್ಯವಾರ ಹೆಂಗ ಎದ್ದು ಬಂದ್ರು? ನೀರಿನ ತಳದಾಗ ದೋಣಿ ಹೆಂಗ ಇಳಸ್ತಾರಲೇ? ಬಾಗಲಾ ತೆರದ್ರ ನೀರು ಒಳಗ ಬರಂಗಿಲ್ಲೇನು?"

"ಮೈಕಿನ್ಯಾಗ ಹೇಳ್ಯಾನಲ್ಲ, ಪಾರಾದ್ರು," ಎಂದು ಒಬ್ಬ ನನ್ನ ಪರ ನಿಂತ. "ಇಂಗ್ಲಿಷ್ ಬರೂದು ಅವಂಗೋ ನಿನಗೋ?"

"ಇಂಗ್ಲಿಷ್ ಬರಲಿಲ್ಲಂದ್ರ ಏನಾತು, ನೀರು ಬರತೈತಿ ನನಗ. ನೀರು ಎಲ್ಲಾ ಭಾಷಾದಾಗೂ ಒಂದ ನಮೂನಿ."

"ಅವ್ರು ಸತ್ರ ನಮ್ಮ ಮನಸಿಗೆ ಸಮಾಧಾನ ಆಗೂದಿಲ್ಲಪ್ಪ. ಪಾರಾಗಿದ್ರ ಚಲೋ," ಎಂದು ಗದ್ದೆಮ್ಮ ತೀರ್ಪು ಕೊಟ್ಟಳು. ಅವಳೂ ಎರಡನೇ ಸಲ ಬಂದಿದ್ದಳು.

ಜಗಳ ನೋಡಿ ಸಾಹುಕಾರರ ಮುಖ ಅರಳಿತು. ಒಂದು ಸಿನಿಮಾದಲ್ಲಿ ಎರಡು ಕಥೆ ಇದ್ದರೆ ಮಂದಿ ಎರಡು ಸಲ ಬರುತ್ತಾರೆ ಎಂಬುದು ಅವರಿಗೆ ಹೊಳೆದಿತ್ತು. ಗುರುವಾರದ ತನಕ ಇಟ್ಟುಕೊಳ್ಳೋಣ ಎಂದರು.

ಸೋಮವಾರ ದಢೇಸುಗೂರಿನಿಂದ ಮೂವರು ಹಿರಿಯರು ಬಂದರು. ಚಾಪೆ ಹಾಸಿ ಕೂಡಿಸಿದೆವು. ಅವ್ವ ಒಳಗೆ ಹೋಗಿ ಕರೆಮ್ಮನನ್ನು ಕೇಳಿಕೊಂಡು ಬಂದು ಹೇಳಿದಳು: "ನನ್ನ ಗಂಡ ಜೀವಂತ ಅದಾನ, ನಾ ಬರಂಗಿಲ್ಲ ಅಂತಾಳ್ರೀ." ಹಿರಿಯರು ನನ್ನ ಕಡೆ ನೋಡಿದರು. ಮನೆಯ ಗಂಡಸು ನಾನು, ನಾನೊಂದು ಮಾತು ಆಡಬೇಕಿತ್ತು. ಚಾಪೆಯ ಹರಿದ ಅಂಚನ್ನು ಬೆರಳಿನಿಂದ ಬಿಡಿಸುತ್ತ ಕೂತೆ. ಅವರು ಎದ್ದು, ಪಂಚೆ ಝಾಡಿಸಿಕೊಂಡು, ಮಜ್ಜಿಗೆ ಕುಡಿದು ಹೋದರು. ಇದು ನನ್ನ ತಪ್ಪು ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ, ನೋವಾಗಲಿಲ್ಲ.

ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡವರು ಸತ್ತರು ಪಾರಾದರು ಎಂದು ವಾದಿಸಿದರು. ನಾನು ಕೂಡ ಸೋಮವಾರದಿಂದ ಎಲ್ಲ ಆಟಕ್ಕೂ ದೋಣಿಯ ಕಥೆಯನ್ನೇ ಹೇಳಿದೆ, ಒಮ್ಮೆ ಹೇಳಿದ ಮೇಲೆ ಬಿಡುವುದು ಹೇಗೆ? ಹತ್ತಿ ಹೊಲದಲ್ಲೂ ಅದೇ ಮಾತಂತೆ. ಕರೆಮ್ಮನ ಸಾಲಿನಲ್ಲಿದ್ದ ಹೆಂಗಸರಲ್ಲಿ ಶುಕ್ರವಾರ ನೋಡಿದವರು ನಾಲ್ವರೂ ಸತ್ತರು ಎಂದರೆ, ಆದಿತ್ಯವಾರ ನೋಡಿದವರು ಒಬ್ಬರೂ ಸತ್ತಿಲ್ಲ ಎಂದರು. ಒಬ್ಬಳು ಹೇಳಿದಳಂತೆ: "ಸಿನಿಮಾ ಬದಲಾಗಿಲ್ಲವ್ವ, ಮೈಕು ಬದಲಾಗೇತಿ." ಕರೆಮ್ಮ ಹತ್ತಿ ಬಿಡಿಸುತ್ತಲೇ ಇದ್ದಳಂತೆ. ಇದನ್ನೆಲ್ಲ ಸಂಜೆ ಅವ್ವ ನಗುತ್ತ ನನಗೆ ಹೇಳಿದಳು.

ಮುಂದಿನ ಶುಕ್ರವಾರ ಮುಂಜಾನೆ ಡಬ್ಬಿಗಳನ್ನು ಲಿಂಗಸುಗೂರಿನ ಬಸ್ಸಿನ ಮೇಲೆ ಹೇರಿ, ಒಳಗೆ ಹತ್ತಿ ನೋಡಿದರೆ ಮುಂದಿನ ಹೆಂಗಸರ ಸೀಟಿನಲ್ಲಿ ಕರೆಮ್ಮ ಕೂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬುತ್ತಿಯ ಗಂಟು. ಒಬ್ಬಳೇ ಇದ್ದಳು. ನನ್ನನ್ನು ನೋಡಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಕೇಳುವಂತಿಲ್ಲ, ಹೇಳುವಂತಿಲ್ಲ, ನಾನು ಹಿಂದಿನ ಸೀಟಿಗೆ ಹೋದೆ. ಲಿಂಗಸುಗೂರಿನಲ್ಲಿ ಇಳಿದು ಡಬ್ಬಿಗಳನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಅಲ್ಲಿನ ಟಾಕೀಸಿಗೆ ಹೋದರೆ, ಹತ್ತು ಮಾರು ಹಿಂದೆ ಅವಳೂ ಬಂದಳು. ಬೇವಿನ ಗಿಡದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ ಉಂಡಳು. ಎರಡೂವರೆಗೆ ಮ್ಯಾಟಿನಿಯ ಗಂಟೆ ಹೊಡೆದಾಗ ಟಿಕೀಟು ತೆಗೆದುಕೊಂಡು ಒಳಗೆ ಹೋದಳು.

ಲಿಂಗಸುಗೂರಿನ ಟಾಕೀಸಿನಲ್ಲಿ ಮೈಕಿಲ್ಲ. ಅಲ್ಲಿ ಇಂಗ್ಲಿಷ್ ಸಿನಿಮಾವನ್ನು ಸುಮ್ಮನೆ ನೋಡುತ್ತಾರೆ. ಆಗ ನನಗೆ ತಿಳಿಯಿತು ಅವಳು ಯಾಕೆ ಬಂದಳೆಂದು.

ಡಬ್ಬಿ ಒಪ್ಪಿಸಿದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ, ಮೂರಕ್ಕೆ ಮಸ್ಕಿಯ ಬಸ್ಸಿತ್ತು. ಹೋಗಲಿಲ್ಲ. ಎದುರಿನ ಹೋಟೆಲಿನ ಬೆಂಚಿನಲ್ಲಿ ಕೂತೆ. ಒಳಗಿನ ಸದ್ದು ಹೊರಗೆ ಕೇಳುತ್ತಿತ್ತು. ಯಾವ ರೀಲು ನಡೆದಿದೆ ಎಂದು ಸದ್ದಿನಿಂದಲೇ ಹೇಳಬಲ್ಲೆ. ಪೀಪಾಯಿ ಸಿಡಿಯಿತು, ನೀರು ನುಗ್ಗಿತು. ಆಮೇಲೆ ಬಡಿಯುವ ಸದ್ದು. ಆ ಸದ್ದಿನ ಮೇಲೆ ಯಾವಾಗಲೂ ನನ್ನ ಮಾತು ಇರುತ್ತಿತ್ತು. ಬರಿಯ ಸದ್ದು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತೆ.

ಆಟ ಬಿಟ್ಟಿತು. ಇಬ್ಬರು ಹೋಟೆಲಿಗೆ ಬಂದು ನನ್ನ ಬೆಂಚಿನಲ್ಲೇ ಕೂತರು.

"ಏನೂ ತಿಳೀಲಿಲ್ಲಪ್ಪ. ಆದ್ರ ನೋಡಾಕ ಚಲೋ ಐತಿ," ಎಂದ ಒಬ್ಬ.

"ತಿಳಿಯಾಕ ಏನೈತಿ? ನಾಲ್ಕು ಮಂದೀನ ಒಳಗ ಹಾಕಿ ಕೊಂದ್ರು, ಉಳದವ್ರು ಮನಿಗೆ ಬಂದ್ರು," ಎಂದ ಇನ್ನೊಬ್ಬ. ಆಮೇಲೆ ಅವರು ಮಂಡಕ್ಕಿ ಮಿರ್ಚಿ ಹೇಳಿ, ಯಾರದೋ ಎಮ್ಮೆಯ ವಿಷಯ ತೆಗೆದರು.

ಕರೆಮ್ಮ ಎಲ್ಲರ ಕೊನೆಗೆ ಬಂದಳು. ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ, ರಸ್ತೆ ದಾಟಿ ನೇರ ನನ್ನ ಮುಂದೆ ಬಂದು ನಿಂತಳು. ಸೆರಗು ತಲೆಯ ಮೇಲೆಯೇ ಇತ್ತು, ಆದರೆ ಮುಖ ನನ್ನ ಕಡೆಯೇ ಇತ್ತು. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ನಾನು ಅವಳ ಕಣ್ಣನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ನಾನು ಎದ್ದು ನಿಂತೆ. ಇಬ್ಬರೂ ಬೇವಿನ ಗಿಡದ ಕಡೆ ಸರಿದೆವು.

"ಅಲ್ಲಿ ಹಿಂದ ಬಾಗಲ ಇಲ್ರೀ ಭಾವಾ," ಎಂದಳು. "ನಾ ಕಣ್ಣು ಪಿಳುಕಿಸಲಾರದ ನೋಡೀನಿ. ಬರೀ ಕಬ್ಬಿಣದ ಗ್ವಾಡಿ ಐತಿ."

ನಾನು ಟಾಕೀಸಿನ ಕಡೆ ತಿರುಗಿ ನೋಡಿದೆ.

"ಮೂರು ವರ್ಷದ ಹಿಂದ ಅತ್ತಿ ಮುಂದ ನೀವು ಹೇಳಿದ್ದೂ ಇದಾ ಮಾತು. ಸಣ್ಣ ಬಾಗಲ, ಸಣ್ಣ ದೋಣಿ, ಯಾವುದೋ ದೇಶದ ದಂಡಿ. ಆದಿತ್ಯವಾರ ಮೈಕಿನ್ಯಾಗ ಕೇಳಿದಾಗ ಎಷ್ಟು ಖುಷಿ ಆತು ಗೊತ್ತೈತೇನ್ರಿ? ಎಲ್ಲಾ ಹಡಗಿನ್ಯಾಗೂ ಒಂದು ಬಾಗಲ ಇಟ್ಟಿರತಾರ ಅನ್ಕೊಂಡೆ. ಈಗ ಹೇಳ್ರಿ. ಬಾಬುಸಾಬ ಖರೇ ಏನಂದ?"

ಹೇಳಿದೆ. ನೀರು ಬಂದದ್ದು, ಹುಕುಂ ಆದದ್ದು, ಬಾಬುಸಾಬನೇ ಬಾಗಿಲು ಹಾಕಿದ್ದು. ಮೈಕಿನಲ್ಲಿ ಹೇಳಿದಂತೆಯೇ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಅವಳು ನಡುವೆ ಕೈ ಎತ್ತಿ ನನ್ನನ್ನು ತಡೆದಳು.

"ಬಡದ್ರೇನು ಅವ್ರು?"

"ಹೂಂ."

"ಎಷ್ಟೊತ್ತು?"

"ಬಾಳ ಹೊತ್ತು ಅಂದ. ಹೆಸರು ಹಿಡದು ಕರದನಂತ."

"ಯಾರ ಹೆಸರು?"

"ಬಾಬುಸಾಬಂದು."

ಅವಳು ತಲೆ ಆಡಿಸಿದಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಗಂಟು ಬಿಚ್ಚಿ, ಬುತ್ತಿಯ ಬಟ್ಟೆಯನ್ನು ಝಾಡಿಸಿ ಮತ್ತೆ ಗಂಟು ಹಾಕಿದಳು. ನನಗೆ ಏನಾದರೂ ಮಾಡಬೇಕು ಅನಿಸಿತು, ಬಹಳ ದಿನದ ಮೇಲೆ ಹಾಗನಿಸಿದ್ದು. "ನಾ ಈಗಿಂದೀಗ ದಢೇಸುಗೂರಿಗೆ ಹೊಕ್ಕೀನಿ ಯವ್ವಾ," ಎಂದೆ. "ತಪ್ಪು ನಂದು ಅಂತ ಗದ್ದೆಪ್ಪಗ ಹೇಳ್ತೀನಿ. ಕಾಲು ಹಿಡಿತೀನಿ."

"ಅವ್ರು ಬುಧವಾರ ಸಾಲಗುಂದದಾಗ ಬ್ಯಾರೆ ಹುಡುಗಿಗೆ ಎಲಿ ಅಡಿಕಿ ಹಿಡದ್ರಂತ. ಹುಡುಗಿ ನನಗ ಗೊತ್ತು, ಚಲೋ ಅದಾಳ. ಆ ಕೂಸಿನ್ನ ಚಂದಾಗಿ ನೋಡ್ಕೊಂತಾಳ," ಎಂದಳು. ಮಳೆ ಬಿಸಿಲಿನ ವಿಷಯ ಹೇಳಿದಂತೆ ಹೇಳಿದಳು. ನನ್ನೊಳಗಿನ ಸೂಜಿಮದ್ದು ಅವಳಿಗೂ ಇಳಿದಿತ್ತು, ಇಳಿಸಿದವನು ನಾನು.

"ಅವ್ವಗರ ನಾನು ಹೇಳ್ತೀನಿ," ಎಂದೆ. "ಇವತ್ತ ಹೇಳ್ತೀನಿ, ಎಲ್ಲಾ ಬಿಡಿಸಿ ಹೇಳ್ತೀನಿ."

"ನೀವು ಬ್ಯಾಡ್ರಿ." ಅವಳು ಮೊದಲ ಸಲ ದನಿ ಏರಿಸಿದಳು. "ನೀವು ಹೇಳಾಕ ನಿಂತ್ರ ಅವ್ರು ಮತ್ತ ದೋಣಿ ಹತ್ತತಾರ. ನಾ ಹೇಳ್ತೀನಿ."

ಐದರ ಬಸ್ಸಿಗೆ ಬಂದೆವು. ಅವಳು ಮುಂದೆ ಕೂತಳು, ನಾನು ಹಿಂದೆ. ಮಸ್ಕಿಯಲ್ಲಿ ಇಳಿದು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಎಲ್ಲಿಗೆ ಹೋಗಿದ್ದೆವ್ವಾ, ಹೊಲಕ್ಕೂ ಹೋಗಿಲ್ಲಂತ?" ಎಂದು ಸೊಸೆಯನ್ನು ಕೇಳಿದಳು. ಕರೆಮ್ಮ ಅವಳ ಮುಂದೆ ಕೂತು, ಮೊರವನ್ನು ಪಕ್ಕಕ್ಕೆ ಸರಿಸಿ, ಅವಳ ಎರಡೂ ಕೈ ಹಿಡಿದುಕೊಂಡಳು. ನಾನು ಅಂಗಳದಲ್ಲೇ ನಿಂತೆ.

"ಅತ್ತಿ, ಹಡಗು ಮುಳುಗಿತು," ಎಂದಳು. "ಕಬ್ಬಿಣದ ಬಾಗಲಾ ಹಾಕಿದ್ರು. ನಿಮ್ಮ ಮಗ ಒಳಗಿದ್ರು. ಬಾಗಲಾ ಬಡದ್ರು. ಯಾರೂ ತಗೀಲಿಲ್ಲ. ಸತ್ರು."

ಅವ್ವ ಸೊಸೆಯ ಮುಖ ನೋಡಿದಳು. "ಯಾವಾಗ?" ಎಂದಳು.

"ನಾಕು ವರ್ಷ ಆತು."

ಅಷ್ಟೇ ಮಾತು. ಅದಕ್ಕೆ ಮುಂದೆ ಹಿಂದೆ ಏನೂ ಇರಲಿಲ್ಲ. ಸತ್ತ ಎಂಬ ಮಾತನ್ನು ನಮ್ಮ ಮನೆಯಲ್ಲಿ ಅಲ್ಲಿಯ ತನಕ ಯಾರೂ ಆಡಿರಲಿಲ್ಲ. ಬಾಬುಸಾಬನೂ ಆಡಿರಲಿಲ್ಲ, ನಾನು ನನ್ನೊಳಗೂ ಆಡಿಕೊಂಡಿರಲಿಲ್ಲ. ಅವ್ವ ಬಾಯಿ ತೆರೆದಳು, ದನಿ ಬರುವ ಮೊದಲೇ ನಾನು ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟೆ. ಗ್ಯಾನಪ್ಪಾ ಎಂದು ಯಾರೋ ಕೂಗಿದರು, ಕೂಗಿದವನು ನಾನೇ. ನನ್ನ ತಮ್ಮ ಸತ್ತ ಸುದ್ದಿ ನನಗೂ ಮುಟ್ಟಿದ್ದು ಅವತ್ತೇ.